ಬಾಸ್ಕೆಟ್‌ಬಾಲ್ ಆಟದ ಜನಕ ಡಾ. ಜೇಮ್ಸ್ ನೈಸ್ಮಿತ್

ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬಾಸ್ಕೆಟ್‌ಬಾಲ್ ಆಡಿದವರು ಅನೇಕರಿದ್ದಾರೆ. ಆದರೆ ಆ ಆಟವನ್ನು ರೂಪಿಸಿದವರು ಒಬ್ಬ ಸಾಮಾನ್ಯ ಅಧ್ಯಾಪಕರೆಂಬುದನ್ನು ಬಲ್ಲವರು ವಿರಳ.

ಜೇಮ್ಸ್ ನೈಸ್ಮಿತ್ ಅವರು 1861ರ ನವೆಂಬರ್ 6ರಂದು ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಸಮೀಪ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳಿಬ್ಬರೂ ವಿಷಮಶೀತಜ್ವರಕ್ಕೆ ಬಲಿಯಾಗಲು ಸೋದರಮಾವನ ಆಶ್ರಯದಲ್ಲಿ ಬೆಳೆದರು. ನಡುವೆ ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೂ ಹೋದರು. ಮರಳಿ ಬಂದು ಓದನ್ನು ಮುಂದುವರಿಸಿ, 1887ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಪದವಿ ಪಡೆದರು. ಶಾಲೆ ಬಿಟ್ಟ ಹುಡುಗರ ಆಸೆಯನ್ನೇ ತೊರೆಯುವ ಅಧ್ಯಾಪಕರು ಈ ಸಂಗತಿಯನ್ನು ಗಮನಿಸಬೇಕು.

1891ರಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು 14 ದಿನಗಳೊಳಗೆ ಸಿದ್ಧಪಡಿಸಬೇಕೆಂದು ಮೇಲಧಿಕಾರಿ ಲೂಥರ್ ಗುಲಿಕ್ ಅಪ್ಪಣೆಯಿತ್ತರು. ತರಗತಿಯಲ್ಲಿದ್ದವರು 18 ಮಂದಿ. ಯಾರ ಮಾತಿಗೂ ಬಗ್ಗದವರು. 10 ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಡಿದು ಆಟ ಆರಂಭಿಸಿದಾಗ ನಡೆದುದು ಆಟವಲ್ಲ, ಹೊಡೆದಾಟ. ಕಣ್ಣು ಊದಿಸಿಕೊಂಡವರು ಹಲವರು, ಒಬ್ಬನ ಭುಜವೇ ತಪ್ಪಿತ್ತೆಂದು ನೈಸ್ಮಿತ್ ಅವರು 1939ರ ರೇಡಿಯೊ ಸಂದರ್ಶನವೊಂದರಲ್ಲಿ ಸ್ಮರಿಸಿದ್ದರು.

ಇಲ್ಲಿಯೇ ಅವರ ಬುದ್ಧಿಯ ಹಿರಿಮೆ ಕಾಣುತ್ತದೆ. ಚೆಂಡು ಹಿಡಿದವನು ಓಡುವುದರಿಂದಲ್ಲವೇ ಅವನನ್ನು ಕೆಡಹಬೇಕಾಗುವುದು? ಆದುದರಿಂದ ಚೆಂಡು ಹಿಡಿದು ಓಡುವುದನ್ನೇ ನಿಷೇಧಿಸಿದರು. 1892ರ ಜನವರಿಯಲ್ಲಿ ಅಚ್ಚಾದ ಅವರ 13 ನಿಯಮಗಳಲ್ಲಿ ಐದನೆಯದು ಎದುರಾಳಿಯನ್ನು ನೂಕುವುದು, ಹಿಡಿಯುವುದು, ಕಾಲು ಕೊಟ್ಟು ಬೀಳಿಸುವುದು ಇವೆಲ್ಲವನ್ನೂ ತಪ್ಪೆಂದು ಸಾರಿತು. ಎರಡನೆಯ ಬಾರಿ ತಪ್ಪಿದವನು ಮುಂದಿನ ಗೋಲಾಗುವವರೆಗೆ ಹೊರಗಿರಬೇಕು. ಅಷ್ಟಕ್ಕೇ ನಿಲ್ಲದೆ ಇಬ್ಬರು ತೀರ್ಪುಗಾರರನ್ನು ನೇಮಿಸಿದರು: ರೆಫರಿಯ ಕಣ್ಣು ಚೆಂಡಿನ ಮೇಲೆ, ಅಂಪೈರನ ಕಣ್ಣು ಆಟಗಾರರ ಮೇಲೆ.

ಕಾವಲಿನ ಇಂದಿನ ಕಟ್ಟಳೆಗಳು ಆ ಐದನೆಯ ನಿಯಮದಿಂದ ಬೆಳೆದವು. ಎರಡೂ ಪಾದಗಳನ್ನು ನೆಲಕ್ಕೂರಿ, ಎದುರಾಳಿಗೆ ಮುಖ ಮಾಡಿ ಮೊದಲೇ ಸ್ಥಾನ ಪಡೆದವನಿಗೆ ಆ ಸ್ಥಾನದ ಹಕ್ಕುಂಟು. ಅನಂತರ ಅವನು ಪಕ್ಕಕ್ಕೋ ಹಿಂದಕ್ಕೋ ಸರಿಯಬಹುದು, ನೇರವಾಗಿ ಮೇಲಕ್ಕೆ ನೆಗೆಯಬಹುದು. ಚೆಂಡುಳ್ಳವನು ಬಂದು ಅವನ ಎದೆಗೆ ಡಿಕ್ಕಿ ಹೊಡೆದರೆ ತಪ್ಪು ಚೆಂಡುಳ್ಳವನದು. ಕಾವಲುಗಾರನು ಕೈ ಚಾಚಿಯೋ ಮೊಣಕಾಲು ಅಡ್ಡವಿಟ್ಟೋ ತಡೆದರೆ ತಪ್ಪು ಅವನದು. ಅಲುಗಾಡದೆ ನಿಂತವನು ಮಾತ್ರ ನಿರಪರಾಧಿಯೆಂಬ ತಿಳುವಳಿಕೆ ಸರಿಯಲ್ಲ. ಶಾಲಾ ಪಂದ್ಯಗಳಲ್ಲಿ ಸೀಟಿ ಹಿಡಿದು ನಿಂತ ನಾನೂ ಚೆಂಡನ್ನೇ ನೋಡುತ್ತಿದ್ದು, ನ್ಯಾಯವಾಗಿ ಕಾವಲಿದ್ದ ಹುಡುಗನೊಬ್ಬನ ಮೇಲೆ ತಪ್ಪು ಹೊರಿಸಿದ್ದುಂಟು. ಅವನು ಮರುಮಾತಾಡದೆ ಕೈಯೆತ್ತಿದ. ಆ ಮುಖ ಇನ್ನೂ ನೆನಪಿದೆ.

ನೈಸ್ಮಿತ್ ಅವರು 1898ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದು, ಅದೇ ವರ್ಷ ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಅವರ ತಂಡ ಗೆದ್ದುದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಆಟದ ಜನಕರೊಬ್ಬರದೇ! 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ತಮ್ಮ ಆಟಕ್ಕೆ ಸ್ಥಾನ ದೊರೆತುದನ್ನು ಕಣ್ಣಾರೆ ಕಂಡರು. 1939ರ ನವೆಂಬರ್ 28ರಂದು ಕ್ಯಾನ್ಸಸ್‌ನ ಲಾರೆನ್ಸ್ ನಗರದಲ್ಲಿ ನಿಧನರಾದರು.