ವಚನ ಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು

ಶಿವಶರಣರ ವಾಣಿಯನ್ನು ಕಾಲಗರ್ಭದಿಂದ ಮೇಲೆತ್ತಿ ಲೋಕಕ್ಕಿತ್ತ ಪುಣ್ಯಪುರುಷರಲ್ಲಿ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಗ್ರಗಣ್ಯರು. ವಕೀಲರಾಗಿ, ಮುಂಬಯಿ ಕಾಯಿದೆ ಕೌನ್ಸಿಲಿನ ಸಭಾಸದರಾಗಿ, ಹಲವು ಸಂಸ್ಥೆಗಳ ಸ್ಥಾಪಕರಾಗಿ ಅವರು ಗಳಿಸಿದ ಕೀರ್ತಿ ಸಾಮಾನ್ಯವಾದುದಲ್ಲ. ಆದರೆ ಆ ಕೀರ್ತಿಯನ್ನೂ ಅದರಿಂದೊದಗಬಹುದಾಗಿದ್ದ ಸಂಪತ್ತನ್ನೂ ಅವರು ವಚನಸೇವೆಯ ಮುಂದೆ ತೃಣವಾಗಿ ಭಾವಿಸಿದರು.

ಇವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಸಾಹಿತ್ಯಪ್ರಿಯರೂ ಆಗಿದ್ದರು, ತಾಯಿ ದಾನಮ್ಮನವರು. ಮುಂಬಯಿಯಲ್ಲಿ ಉಚ್ಚ ಶಿಕ್ಷಣವನ್ನು ಪಡೆದು, 1904ರಲ್ಲಿ ಕಾನೂನು ಪದವೀಧರರಾಗಿ, ವಿಜಾಪುರದಲ್ಲಿ (ಇಂದಿನ ವಿಜಯಪುರ) ವಕೀಲಿ ವೃತ್ತಿಯಲ್ಲಿ ನೆಲೆನಿಂತರು.

ಪದೇಪದೇ ಕ್ಷಾಮಕ್ಕೆ ತುತ್ತಾಗುತ್ತಿದ್ದ ಆ ಸೀಮೆಯ ದುಃಸ್ಥಿತಿಯು ಅವರ ಮನಸ್ಸನ್ನು ಕಲಕಿತು. ವಿದ್ಯೆಯೂ ಪರಸ್ಪರ ಸಹಕಾರವೂ ಇಲ್ಲದೆ ಜನರು ಸಾಲದ ಸಂಕೋಲೆಯಿಂದ ಬಿಡುಗಡೆ ಹೊಂದಲಾರರೆಂಬುದನ್ನು ಕಂಡುಕೊಂಡು, 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಉದಯಕ್ಕೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ಶ್ರಮಿಸಿದರು. 1919ರ ಸುಧಾರಣೆಯ ಕಾಯಿದೆಯಿಂದ ವಿದ್ಯಾಭ್ಯಾಸ, ಸಹಕಾರ, ಸ್ಥಾನಿಕ ಸ್ವರಾಜ್ಯ ಮುಂತಾದ ವಿಷಯಗಳು ಸಭಾಸದರಿಗೆ ಉತ್ತರವಾದಿಗಳಾದ ಮಂತ್ರಿಗಳ ವಶಕ್ಕೆ ಬಂದವು. 1920ರಲ್ಲಿ ಹಳಕಟ್ಟಿಯವರು ಆ ಕೌನ್ಸಿಲನ್ನು ಪ್ರವೇಶಿಸಿದರು. ತಮ್ಮ ಊರಿನಲ್ಲಿ ಕೈಯಾರೆ ಮಾಡಿಕೊಂಡು ಬಂದ ಕಾರ್ಯಗಳೇ ಅಲ್ಲಿ ವಿಚಾರಕ್ಕೆ ಬರುವ ವಿಷಯಗಳಾಗಿದ್ದುದರಿಂದ ಆ ಸ್ಥಾನವು ಅವರಿಗೆ ಸಹಜವಾಗಿಯೇ ಒಪ್ಪಿತು.

ಆದರೆ ಅವರ ಅಂತರಂಗವು ಬೇರೊಂದೆಡೆ ನೆಲೆಸಿತ್ತು. ಯೌವನದಲ್ಲಿಯೇ ರಬಕವಿಯ ಭಕ್ತರೊಬ್ಬರ ಮನೆಯಲ್ಲಿ ವಚನಗಳ ತಾಡವೋಲೆಗಳನ್ನು ಕಂಡ ದಿನದಿಂದ ಅವರಿಗೆ ಅನ್ಯ ಚಿಂತೆಯಿರಲಿಲ್ಲ. ಮಠಗಳಲ್ಲಿ, ಜಂಗಮರ ಮನೆಗಳಲ್ಲಿ ಪೂಜೆಗೊಳ್ಳುತ್ತ, ಹುಳುಗಳಿಗೂ ಆಹಾರವಾಗುತ್ತಿದ್ದ ಕಟ್ಟುಗಳನ್ನು ಊರೂರು ಅಲೆದು ಬೇಡಿ ತಂದು, ಪಾಠಗಳನ್ನು ಹೋಲಿಸಿ, ಕೈಯಾರೆ ಬರೆದುಕೊಂಡರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. ಪರರ ಮುದ್ರಣಾಲಯಗಳನ್ನು ನೆಚ್ಚಿ ಈ ಕಾರ್ಯವು ಸಾಗದೆಂದರಿತು, ಸ್ವಂತ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಪರರ ವ್ಯಾಜ್ಯಗಳನ್ನು ನಡೆಸಿ ಮನೆ ಕಟ್ಟುವುದು ವಕೀಲರ ವಾಡಿಕೆ. ಇವರಾದರೋ ಶರಣರ ನುಡಿಗೆ ನೆಲೆಯನ್ನು ಕಲ್ಪಿಸಿ ತಾವು ಬಾಡಿಗೆಯ ಮನೆಯನ್ನು ಸೇರಿದರು.

1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಅವರಿಂದ ಪ್ರಾರಂಭವಾದವು. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವು ಅವರನ್ನು ಅರಸಿ ಬಂದಿತು. ಶೂನ್ಯಸಂಪಾದನೆ, ಹರಿಹರನ ರಗಳೆಗಳು ಮೊದಲಾದ ಗ್ರಂಥಗಳನ್ನೂ ಅವರು ಬೆಳಕಿಗೆ ತಂದರು. ಹಿಂದೆ ಸುಮಾರು 50 ವಚನಕಾರರ ಹೆಸರುಗಳಷ್ಟೇ ತಿಳಿದಿದ್ದವು. ಅವರ ಶೋಧದಿಂದ ಆ ಸಂಖ್ಯೆಯು 250ರಷ್ಟಾಯಿತು. ಅರಸರು, ಅಂಬಿಗರು, ಮಡಿವಾಳರು, ಕಾಯಕದ ಹೆಣ್ಣುಮಕ್ಕಳು, ಎಲ್ಲರೂ ಒಂದೇ ಅನುಭವಮಂಟಪದಲ್ಲಿ ಕುಳಿತು ನುಡಿದ ನುಡಿಗಳು ಮತ್ತೆ ಕಿವಿಗೆ ಬಿದ್ದವು.

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅಷ್ಟರಲ್ಲಿ ದೇಹವು ಬಳಲಿತ್ತು, ಬಡತನವು ಮನೆಯಲ್ಲಿ ನೆಲೆಯೂರಿತ್ತು. ಆದರೂ ಲೇಖನಿಯು ನಿಲ್ಲಲಿಲ್ಲ. 1964ನೆಯ ಇಸವಿ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಂರಕ್ಷಣಾ ದಿನವೆಂದು ನಾಡು ಆಚರಿಸುತ್ತಿದೆ.

ಓಲೆಗಳು ಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ ರಬಕವಿಯ ವಚನಗಳು ನಾಡಿನ ಮೂಡಣ ಅಂಚಿನ ಕೆಂಚಾರ್ಲಹಳ್ಳಿಯ ಭಕ್ತರನ್ನು ಮುಟ್ಟುವ ದಾರಿಯಾವುದಿತ್ತು? ತೆಲುಗು ನುಡಿಯೂ ಕನ್ನಡವೂ ಕೂಡಿ ಬಾಳುವ ಈ ಸೀಮೆಯಲ್ಲಿ ಮಗುವೊಂದು ಇಷ್ಟಲಿಂಗದ ಮುಂದೆ ಕುಳಿತು ವಚನವನ್ನೋದುವಾಗ, ಆ ಪುಟದ ಹಿಂದೆ ಮನೆ ಮಾರಿದ ಒಬ್ಬ ಶರಣನ ದಾಸೋಹವಿದೆ. ಅವರು ಕೌನ್ಸಿಲಿನಲ್ಲಿ ಕುಳಿತ ಆಸನವನ್ನು ಕಾಲವು ಮರೆಸಿರಬಹುದು. ಈ ದಾಸೋಹವನ್ನು ಮರೆಸಲಾರದು. ಮಠಮನೆಗಳಲ್ಲಿ ಇನ್ನೂ ಉಳಿದಿರುವ ಓಲೆಯ ಕಟ್ಟುಗಳನ್ನು ಜೋಪಾನ ಮಾಡುವುದೇ ಶಿಷ್ಯರಾದವರು ಅವರಿಗೆ ಸಲ್ಲಿಸತಕ್ಕ ನಿಜವಾದ ಶರಣಾರ್ಥಿ.