ಮಿತವ್ಯಯದ ಪುಷ್ಟಿಯನ್ನು ಕಲಿಸಿದ ಎಲೆನ್ ರಿಚರ್ಡ್ಸ್

ನಮ್ಮ ಶಾಲೆಯಲ್ಲಿ ಓದಿ, ಈಗ ತಾಯಂದಿರಾಗಿ ಸಂಸಾರಗಳನ್ನು ನಡೆಯಿಸುತ್ತಿರುವ ಪೂರ್ವ ವಿದ್ಯಾರ್ಥಿನಿಯರು ನನ್ನನ್ನು ನೋಡಬಂದಾಗ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳುವುದುಂಟು. ಕೈಗೆ ಬರುವ ಅಲ್ಪ ವರಮಾನದಲ್ಲಿ ಮಕ್ಕಳಿಗೆ ಪುಷ್ಟಿಕರವಾದ ಆಹಾರವನ್ನು ಒದಗಿಸುವುದು ಹೇಗೆ ಎಂಬುದೇ ಆ ಪ್ರಶ್ನೆ. ಇದಕ್ಕೆ ಶಾಸ್ತ್ರರೀತಿಯಲ್ಲಿ ಉತ್ತರವನ್ನು ಹುಡುಕಲು ಶ್ರಮಿಸಿದ ಮಹಿಳೆಯೊಬ್ಬಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಗ್ರಹವಾಗಿ ಹೇಳಬೇಕೆಂದು ನನ್ನ ಇಚ್ಛೆ.

ಎಲೆನ್ ಸ್ವಾಲೋ ಎಂಬ ಈಕೆಯು ಅಮೇರಿಕದ ಮಸಾಚುಸೆಟ್ಸ್ ಸಂಸ್ಥಾನದ ಡನ್‌ಸ್ಟೇಬಲ್ ಎಂಬ ಗ್ರಾಮದಲ್ಲಿ 1842ನೆಯ ಇಸವಿ ಡಿಸೆಂಬರ್ ತಿಂಗಳ 3ನೆಯ ತಾರೀಖಿನಲ್ಲಿ ಜನಿಸಿದಳು. ತಂದೆತಾಯಿಗಳಿಗೆ ಈಕೆಯೊಬ್ಬಳೇ ಮಗಳು. ಅವರಿಬ್ಬರೂ ಉಪಾಧ್ಯಾಯ ವೃತ್ತಿಯನ್ನು ಮಾಡಿದವರಾದುದರಿಂದ ಮಗಳಿಗೆ ಮನೆಯಲ್ಲಿಯೇ ವಿದ್ಯೆಯನ್ನು ಕಲಿಸಿದರು. ತಂದೆಯು ಅಂಗಡಿಯನ್ನಿಟ್ಟಾಗ ಹುಡುಗಿಯು ಅಲ್ಲಿ ಅವನಿಗೆ ನೆರವಾಗುತ್ತಿದ್ದಳು. ಮುಂದಿನ ವಿದ್ಯಾಭ್ಯಾಸಕ್ಕೆ ಹಣ ಸಾಲದಿರಲು, ಪಾಠ ಹೇಳಿಯೂ, ರೋಗಿಗಳ ಶುಶ್ರೂಷೆ ಮಾಡಿಯೂ ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸಿ, 1868ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ವಾಸಾರ್ ಎಂಬ ಸ್ತ್ರೀಯರ ಕಾಲೇಜನ್ನು ಸೇರಿದಳು. ಬಡತನದಲ್ಲಿ ಲೆಕ್ಕವಿಟ್ಟು ಬಾಳುವುದು ಏನೆಂಬುದನ್ನು ಅವಳು ಪುಸ್ತಕದಿಂದ ಕಲಿಯಲಿಲ್ಲ.

1870ರಲ್ಲಿ ಪದವಿಯನ್ನು ಪಡೆದ ಬಳಿಕ, ಆವರೆಗೆ ಸ್ತ್ರೀಯರಿಗೆ ಪ್ರವೇಶವೇ ಇಲ್ಲದಿದ್ದ ಬಾಸ್ಟನ್ ನಗರದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯವು ರಸಾಯನ ಶಾಸ್ತ್ರವನ್ನು ಕಲಿಯಲು ಅವಳನ್ನು ಸೇರಿಸಿಕೊಂಡಿತು. ಅವಳಿಂದ ಶುಲ್ಕವನ್ನು ಕೇಳಲಿಲ್ಲ. ತನ್ನ ಬಡತನವನ್ನು ಕಂಡು ಕನಿಕರಿಸಿದರೆಂದು ಅವಳು ಭಾವಿಸಿದಳು. ಆದರೆ ಯಾರಾದರೂ ಆಕ್ಷೇಪಿಸಿದರೆ ಈಕೆಯು ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳುವುದಕ್ಕಾಗಿ ಹಾಗೆ ಮಾಡಿದ್ದರೆಂದು ತರುವಾಯ ತಿಳಿಯಿತು. ಅವಳು ಮನಸ್ಸಿನಲ್ಲಿ ಕಹಿಯನ್ನು ಬೆಳೆಯಿಸದೆ ಕೆಲಸದಲ್ಲಿ ತೊಡಗಿ, 1873ರಲ್ಲಿ ಆ ವಿದ್ಯಾಲಯದ ಪದವಿಯನ್ನು ಪಡೆದ ಪ್ರಥಮ ಮಹಿಳೆಯಾದಳು. 1875ರಲ್ಲಿ ಅಲ್ಲಿಯ ಗಣಿಶಾಸ್ತ್ರದ ಪ್ರಾಧ್ಯಾಪಕನಾದ ರಾಬರ್ಟ್ ರಿಚರ್ಡ್ಸ್ ಎಂಬವನನ್ನು ವಿವಾಹವಾದಳು. ಮರುವರ್ಷವೇ ಸ್ತ್ರೀಯರಿಗಾಗಿ ಪ್ರಯೋಗಶಾಲೆಯೊಂದು ಅವಳ ಯತ್ನದಿಂದ ತೆರೆಯಿತು. ಅಲ್ಲಿ ಅವಳು ಸಂಬಳವಿಲ್ಲದೆ ಕಲಿಸಿದಳು. ಸ್ವಂತ ಹಣವನ್ನೂ ಕೊಟ್ಟಳು. 1884ರಿಂದ ಮರಣದವರೆಗೂ ಅದೇ ವಿದ್ಯಾಲಯದಲ್ಲಿ ಆರೋಗ್ಯ ಸಂಬಂಧವಾದ ರಸಾಯನ ಶಾಸ್ತ್ರದ ಅಧ್ಯಾಪಕಿಯಾಗಿದ್ದಳು. ಆ ಸಂಸ್ಥಾನದ ಕುಡಿಯುವ ನೀರಿನ ಸಹಸ್ರಾರು ಮಾದರಿಗಳನ್ನು ಪರೀಕ್ಷಿಸಿದ ಮಹಾಕಾರ್ಯದಲ್ಲಿ ಅವಳ ಪಾಲು ದೊಡ್ಡದು.

ಆದರೆ ಅವಳ ಮನಸ್ಸು ನೀರಿನಲ್ಲಿಯೇ ನಿಲ್ಲದೆ ಅಡಿಗೆಮನೆಯ ಕಡೆಗೂ ತಿರುಗಿತು. ಕೂಲಿಗಾರರ ಸಂಸಾರಗಳಲ್ಲಿ ಸಂಪಾದನೆಯ ಬಹುಭಾಗವು ಆಹಾರಕ್ಕೇ ವೆಚ್ಚವಾಗುತ್ತಿದ್ದರೂ ಮಕ್ಕಳು ಬಲಹೀನರಾಗಿದ್ದರು. ಹೆಚ್ಚು ಬೆಲೆಯ ಪದಾರ್ಥದಲ್ಲಿ ಹೆಚ್ಚು ಸತ್ವವಿರುವುದೆಂಬ ನಂಬಿಕೆಯು ಸುಳ್ಳೆಂದು ತೋರಿಸಲು ಅವಳು ಬಯಸಿದಳು. ಮೇರಿ ಹಿನ್‌ಮನ್ ಏಬಲ್ ಎಂಬ ಗೆಳತಿಯೊಡನೆ ಕೂಡಿ, ದಾನಿಯೊಬ್ಬಳ ಧನಸಹಾಯದಿಂದ, 1890ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ನ್ಯೂ ಇಂಗ್ಲೆಂಡ್ ಅಡಿಗೆಮನೆಯನ್ನು ತೆರೆದಳು. ಅಗ್ಗದ ಮಾಂಸದ ತುಂಡುಗಳನ್ನು ಮಂದವಾದ ಶಾಖದಲ್ಲಿ ಬಹಳ ಹೊತ್ತು ಬೇಯಿಸಿದ ಸಾರು, ಬಟಾಣಿಯ ಸಾರು, ಮೆಕ್ಕೆಜೋಳದ ಹಿಟ್ಟಿನ ಅಂಬಲಿ ಮುಂತಾದವು ಅಲ್ಲಿ ತಯಾರಾಗುತ್ತಿದ್ದವು. ಸತ್ವವು ದಿನದಿನಕ್ಕೆ ವ್ಯತ್ಯಾಸವಾಗದಂತೆ ಅವುಗಳನ್ನು ರಸಾಯನ ಪರೀಕ್ಷೆಗೆ ಒಳಪಡಿಸುತ್ತಿದ್ದರು. ಬಡವರು ಅವನ್ನು ಕೊಂಡು ಮನೆಗೆ ಒಯ್ಯುವುದಲ್ಲದೆ, ಅಡಿಗೆಯ ಕ್ರಮವನ್ನು ಕಣ್ಣಾರೆ ಕಂಡು ಕಲಿಯಬೇಕೆಂಬುದು ಆಕೆಯ ಉದ್ದೇಶ.

ಈ ಉದ್ದೇಶವು ಕೈಗೂಡಲಿಲ್ಲ. ಐರ್ಲೆಂಡ್, ಇಟಲಿ ಮುಂತಾದ ದೇಶಗಳಿಂದ ಬಂದು ನೆಲಸಿದ್ದ ಬಡ ಜನರಿಗೆ ಆ ಊಟವು ರುಚಿಸಲಿಲ್ಲ. ಅವರವರ ತಾಯಂದಿರು ಮಾಡಿಕೊಟ್ಟ ಅಡಿಗೆಯ ರುಚಿಯು ಅವರ ನಾಲಗೆಯಲ್ಲಿತ್ತು. ಅದನ್ನು ವಿಚಾರಿಸದೆ, ಯಾವುದು ಹಿತವೆಂಬುದನ್ನು ಮಾತ್ರ ಲೆಕ್ಕ ಹಾಕಿ ಬಡಿಸಿದುದೇ ಕಾರಣ. ಆದರೂ ಎಲೆನ್ ಧೈರ್ಯಗುಂದಲಿಲ್ಲ. 1893ರಲ್ಲಿ ಶಿಕಾಗೋ ನಗರದ ಮಹಾ ಪ್ರದರ್ಶನದಲ್ಲಿ ರಮ್‌ಫರ್ಡ್ ಅಡಿಗೆಮನೆಯೆಂಬುದನ್ನು ಏರ್ಪಡಿಸಿ, ಬಡಿಸಿದ ಆಹಾರದ ಪೋಷಕಾಂಶಗಳನ್ನು ಜನರಿಗೆ ತಿಳಿಯಪಡಿಸಿದಳು. 1894ರಿಂದ ಬಾಸ್ಟನ್ ನಗರದ ಪ್ರೌಢಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಉಪಾಹಾರವನ್ನು ಒದಗಿಸುವ ಕೆಲಸವು ಅವಳ ಅಡಿಗೆಮನೆಗೆ ದೊರೆಯಿತು. ದೊಡ್ಡವರು ಒಲ್ಲೆನೆಂದ ಅಡಿಗೆಮನೆಯು ಹೀಗೆ ಮಕ್ಕಳಿಗೆ ಉಪಯೋಗವಾಯಿತು. ಜೀವನದ ವೆಚ್ಚವನ್ನು ಕುರಿತು 1899ರಲ್ಲಿಯೂ, ಆಹಾರದ ವೆಚ್ಚವನ್ನು ಕುರಿತು 1901ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿದಳು. 1908ರಲ್ಲಿ ಸ್ಥಾಪಿತವಾದ ಅಮೇರಿಕದ ಗೃಹವಿಜ್ಞಾನ ಸಂಘಕ್ಕೆ ಪ್ರಥಮ ಅಧ್ಯಕ್ಷಿಣಿಯಾಗಿ, 1911ನೆಯ ಇಸವಿ ಮಾರ್ಚ್ 30ರಂದು ತೀರಿಕೊಂಡಳು. ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಗೃಹವಿಜ್ಞಾನವೆಂಬ ಪಾಠವಿರುವುದು ಇಂಥವರ ಶ್ರಮದ ಫಲವೇ ಆಗಿದೆ.

ಅವಳ ಕಾಲದ ಶಾಸ್ತ್ರದಲ್ಲಿ ಒಂದು ಕೊರತೆಯಿತ್ತೆಂಬುದನ್ನೂ ಹೇಳಬೇಕು. ಜೀವಸತ್ವಗಳಿಗೆ ಅವುಗಳ ಹೆಸರು ಬಂದುದು 1912ರಲ್ಲಿ, ಅವಳ ಮರಣದ ಮರುವರ್ಷ. ಆದಕಾರಣ ಅಂದಿನ ಪಂಡಿತರು ಪ್ರೋಟೀನು, ಕೊಬ್ಬು, ಪಿಷ್ಟ ಇವುಗಳನ್ನೇ ಎಣಿಸಿ, ಸೊಪ್ಪು ಹಣ್ಣುಗಳಿಗೆ ತಕ್ಕ ಬೆಲೆಯನ್ನು ಕೊಡಲಿಲ್ಲ. ಇಂದು ನಾವು ಅವಳ ಲೆಕ್ಕವನ್ನು ತಿದ್ದಿಕೊಂಡು ಅವಳ ಮಾರ್ಗವನ್ನು ಅನುಸರಿಸಬಹುದು. ನೂರು ಗ್ರಾಂ ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವು 300 ಮಿಲಿಗ್ರಾಂಗಿಂತ ಹೆಚ್ಚಾಗಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲೊಂದು ಪಾಲೂ ಇಲ್ಲ. ಹುರುಳಿ, ಕಡಲೆ, ನೆಲಗಡಲೆಗಳಲ್ಲಿ ಮೈಯನ್ನು ಬೆಳೆಯಿಸುವ ಪ್ರೋಟೀನು ಉಂಟು. ಹಿತ್ತಲಿನ ನುಗ್ಗೆಯ ಸೊಪ್ಪಿಗೆ ಕಾಸು ಕೊಡಬೇಕಾದುದಿಲ್ಲ. ಸೀಬೆಹಣ್ಣು, ನೆಲ್ಲಿಕಾಯಿಗಳಲ್ಲಿರುವ ಜೀವಸತ್ವಕ್ಕಾಗಿ ದೂರದೇಶದ ಹಣ್ಣುಗಳನ್ನು ಕೊಳ್ಳಬೇಕಾಗಿಲ್ಲ.

ನಾನು ಉಪಾಧ್ಯಾಯಿನಿಯಾದ ಹೊಸದರಲ್ಲಿ, ತರಗತಿಯಲ್ಲಿ ಪದೇ ಪದೇ ತಲೆತಿರುಗಿ ಕೂರುತ್ತಿದ್ದ ಹುಡುಗಿಯೊಬ್ಬಳ ತಾಯಿಯನ್ನು ಕರೆಯಿಸಿ, ದಿನವೂ ಹಾಲು ಮೊಟ್ಟೆಗಳನ್ನು ಕೊಡಬೇಕೆಂದು ಉಪದೇಶಿಸಿದೆನು. ಆಕೆ ತಲೆತಗ್ಗಿಸಿ ಕೇಳಿ, ಏನನ್ನೂ ಹೇಳದೆ ಹೊರಟುಹೋದಳು. ಮನೆಯಲ್ಲಿ ಎಷ್ಟು ಮಂದಿ, ವರಮಾನವೆಷ್ಟು, ಒಲೆಯ ಮೇಲೆ ಏನು ಬೇಯುತ್ತದೆ ಎಂಬುದೊಂದನ್ನೂ ನಾನು ಕೇಳಿರಲಿಲ್ಲ. ಎಲೆನ್ ರಿಚರ್ಡ್ಸಳ ಚರಿತ್ರೆಯನ್ನು ಓದಿದಾಗ ಆ ತಾಯಿಯ ಮುಖವೇ ನನ್ನ ಕಣ್ಣೆದುರಿಗೆ ಬಂದಿತು. ಆ ಮೇಲೆ ಯಾವ ತಾಯಿಗೂ ಮೊದಲು ಬುದ್ಧಿ ಹೇಳುವುದನ್ನು ಬಿಟ್ಟು, ಆಕೆ ಮಾಡುವ ಅಡಿಗೆಯನ್ನು ವಿಚಾರಿಸುವುದನ್ನು ರೂಢಿಮಾಡಿಕೊಂಡೆನು. ಅವಳ ಮುದ್ದೆಯ ಜೊತೆಗೆ ಒಂದು ಹಿಡಿ ಸೊಪ್ಪನ್ನೂ, ಅವಳ ಸಾರಿಗೆ ಒಂದು ಹಿಡಿ ಕಾಳನ್ನೂ ಸೇರಿಸಿರೆಂದು ಹೇಳಿದರೆ ಅದು ನಡೆಯುವ ಮಾತಾಗುತ್ತದೆ.

ಪ್ರಿಯ ವಿದ್ಯಾರ್ಥಿನಿಯರೇ, ತಾಯಂದಿರೇ, ಪೇಟೆಗೆ ಹೋಗುವಾಗ ಪದಾರ್ಥದ ಬೆಲೆಯೊಡನೆ ಅದರ ಸತ್ವವನ್ನೂ ತೂಗಿ ನೋಡಿರಿ. ನೆರೆಮನೆಯವಳಿಗೆ ಅದನ್ನು ಕಲಿಸುವಾಗ, ಅವಳ ಒಲೆಯ ಬಳಿ ಕುಳಿತು ಕಲಿಸಿರಿ.