ಗೋಡೆಗೆ ಕಥೆ ಹೇಳಿದ ಮುದುಕ

ಪ್ರತಿ ವರ್ಷ ಜಾನಪದ ಸಾಹಿತ್ಯದ ಪಾಠವನ್ನು ಹಲಸಂಗಿಯ ಗೆಳೆಯರಿಂದ ಆರಂಭಿಸುವುದು ನನ್ನ ರೂಢಿ. ಹಳ್ಳಿಯ ಹೆಣ್ಣುಮಕ್ಕಳ ನಾಲಗೆಯ ಮೇಲಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಆ ತರುಣರ ಸಾಹಸ ಕನ್ನಡಿಗರಿಗೆ ಅಪರಿಚಿತವೇನಲ್ಲ. ಆದರೆ ಅದೇ ವರ್ಷ ಐರ್ಲೆಂಡಿನ ಕೆರಿ ಪ್ರಾಂತದ ಕಡಲಂಚಿನ ಹಳ್ಳಿಯೊಂದರಲ್ಲಿ ಅಕ್ಷರವರಿಯದ ಒಬ್ಬ ವೃದ್ಧ ತೀರಿಕೊಂಡನೆಂಬುದೂ, ಅವನ ಕಥೆಗಳು ಅವನೊಡನೆ ಮಣ್ಣುಗೂಡದಂತೆ ನೋಡಿಕೊಂಡ ಮಹನೀಯರೊಬ್ಬರು ಅಲ್ಲಿದ್ದರೆಂಬುದೂ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಆ ಮಹನೀಯರು ಶೇಮಸ್ ಓ ಡಿಲರ್ಗ. ಇಂಗ್ಲಿಷಿನಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಡೆಲಾರ್ಗಿ. ಹುಟ್ಟಿದ್ದು 1899ರಲ್ಲಿ, ಉತ್ತರದ ಆಂಟ್ರಿಮ್ ಪ್ರಾಂತದ ಕುಶೆಂಡಾಲ್ ಎಂಬ ಊರಿನಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ಡಬ್ಲಿನ್ನಿನ ವಿಶ್ವವಿದ್ಯಾನಿಲಯದಲ್ಲಿ ಕೆಲ್ಟಿಕ್ ವಿಷಯಗಳನ್ನು ಅಭ್ಯಾಸ ಮಾಡಿ, ಮುಂದೆ ಐರ್ಲೆಂಡಿನ ಪ್ರಥಮ ರಾಷ್ಟ್ರಾಧ್ಯಕ್ಷರಾದ ಡಗ್ಲಸ್ ಹೈಡ್ ಅವರಿಗೆ ಅಲ್ಲಿಯೇ ಸಹಾಯಕರಾದರು. ಇಷ್ಟೇ ಆಗಿದ್ದರೆ ಅವರೂ ಒಬ್ಬ ಪ್ರಾಧ್ಯಾಪಕರಾಗಿ ನಿವೃತ್ತರಾಗುತ್ತಿದ್ದರು, ನಮ್ಮಂಥವರ ಹಾಗೆ.

1923ರಲ್ಲಿ ಅವರು ದಕ್ಷಿಣದ ಐರಿಷ್ ನುಡಿಯನ್ನು ಕಲಿಯಲೆಂದು ಕೆರಿಗೆ ಹೋದರು. ಅಲ್ಲಿ ಕಿಲ್ರಿಯಾಲಿಗ್ ಎಂಬ ಹಳ್ಳಿಯ ಶಾನ್ ಓ ಕೊನಲ್ ಎಂಬಾತನ ಪರಿಚಯವಾಯಿತು. ಆತನಿಗೆ ಆಗ 70 ವರ್ಷ. ಬೇಸಾಯ, ಮೀನುಗಾರಿಕೆ ವೃತ್ತಿ. ಐರಿಷಿನ ಹೊರತು ಬೇರೆ ಭಾಷೆ ಬಾರದು. ತಲೆಯಲ್ಲಿ ಮಾತ್ರ ಒಂದು ಭಂಡಾರವೇ ಇತ್ತು. ಆದರೆ ಕೇಳುವವರು ಉಳಿದಿರಲಿಲ್ಲ. ಕಥೆಗಳು ಮರೆತು ಹೋಗಬಾರದೆಂದು ಆತ ದನ ಕಾಯುವಾಗ ಕಲ್ಲುಗೋಡೆಗೆ ಎದುರಾಗಿ ನಿಂತು, ಕೈಬಾಯಿಗಳ ಅಭಿನಯದೊಡನೆ, ಸಭೆಗೆ ಹೇಳುವಂತೆಯೇ ಹೇಳುತ್ತಿದ್ದನಂತೆ. ಸಂತೆಯಿಂದ ಮರಳುವಾಗ ಮುಂದೆ ಸಾಗುವ ಬಂಡಿಯ ಬೆನ್ನಿಗೆ ಕಥೆ ಹೇಳುತ್ತ ಗುಡ್ಡವನ್ನೇರುತ್ತಿದ್ದನಂತೆ. ಇದನ್ನು ಮೊದಲ ಬಾರಿ ಓದಿದಾಗ ನನಗೆ ನಮ್ಮ ಅಜ್ಜಿಯ ನೆನಪಾಯಿತು. ನಾನು ಎಂ.ಎ. ಪರೀಕ್ಷೆಗೆಂದು ಪಂಪನನ್ನು ಮುಂದಿಟ್ಟುಕೊಂಡು ಕುಳಿತಿದ್ದ ಬೇಸಗೆಯಲ್ಲಿ ಆಕೆ ಹಿತ್ತಲಿನಲ್ಲಿ ಒಬ್ಬಳೇ ಸೋಬಾನೆ ಹೇಳಿಕೊಳ್ಳುತ್ತಿದ್ದಳು. ಓದಿಗೆ ಅಡ್ಡಿಯಾಗುತ್ತದೆಂದು ನಾನು ಕಿಟಕಿಯನ್ನು ಮುಚ್ಚಿದ್ದೆ.

ಡೆಲಾರ್ಗಿಯವರು ಮುಚ್ಚಲಿಲ್ಲ. ಮತ್ತೆ ಮತ್ತೆ ಆ ಹಳ್ಳಿಗೆ ಹೋಗಿ, ಒಲೆಯ ಬಳಿ ಕುಳಿತು, ಮುದುಕನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಆ ಗ್ರಂಥ ಅಚ್ಚಾದದ್ದು 1948ರಲ್ಲಿ, ಮುದುಕನು ಸತ್ತು 17 ವರ್ಷಗಳಾದ ಮೇಲೆ. ಈ ನಡುವೆ 1927ರಲ್ಲಿ ಜಾನಪದ ಸಂಘವೊಂದು ಸ್ಥಾಪಿತವಾಗಿ, ಅದರ ಪತ್ರಿಕೆಯಾದ ‘ಬೇಲೊಡಸ್’ಗೆ ಅವರು ಸಂಪಾದಕರಾಗಿದ್ದರು, 1928ರಲ್ಲಿ ಸ್ಕ್ಯಾಂಡಿನೇವಿಯಾದ ಕಡೆ ಪ್ರವಾಸ ಮಾಡಿ, ಅಲ್ಲಿನ ವಿದ್ವಾಂಸರ ಸಂಗ್ರಹಾಲಯಗಳನ್ನು ಕಂಡು ಬಂದಿದ್ದರು. 1935ರಲ್ಲಿ ಸರ್ಕಾರ ಐರಿಷ್ ಜಾನಪದ ಆಯೋಗವನ್ನು ನೇಮಿಸಿ ಅವರನ್ನು ನಿರ್ದೇಶಕರನ್ನಾಗಿ ಮಾಡಿತು. ಅದಕ್ಕೆ ಗೊತ್ತುಮಾಡಿದ ಆಯುಸ್ಸು ಕೇವಲ 5 ವರ್ಷ.

ಬೆರಳೆಣಿಕೆಯ ಸಂಗ್ರಾಹಕರು; ಸಾಯುತ್ತಿರುವ ಮುದುಕರೋ ಸಾವಿರಾರು. ಈ ಲೆಕ್ಕ ಹೊಂದುವುದು ಹೇಗೆ? ಉತ್ತರ ಪ್ರಾಥಮಿಕ ಶಾಲೆಗಳಲ್ಲಿ ದೊರೆಯಿತು. ಶಿಕ್ಷಣ ಇಲಾಖೆಯ ಹಾಗೂ ಉಪಾಧ್ಯಾಯರ ಸಂಘದ ನೆರವಿನಿಂದ 1937ರಲ್ಲಿ ಒಂದು ಯೋಜನೆ ಹೊರಟಿತು. ಆಯೋಗದ ಶಾನ್ ಓ ಸುಲವಾನ್ ಅವರು ಉಪಾಧ್ಯಾಯರಿಗಾಗಿ ಒಂದು ಕೈಪಿಡಿಯನ್ನು ಸಿದ್ಧಪಡಿಸಿದರು. 11ರಿಂದ 14 ವರ್ಷದ ಮಕ್ಕಳು ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನೋ ನೆರೆಮನೆಯ ಹಿರಿಯರನ್ನೋ ಕೇಳಬೇಕು. ಕೇಳಿದ್ದನ್ನು ಪ್ರಬಂಧದ ಬದಲಾಗಿ ಬರೆಯಬೇಕು. ಮಳೆಯ ಸೂಚನೆಗಳು, ನಾಟಿ ಔಷಧಗಳು, ಒಗಟುಗಳು, ಪವಿತ್ರ ಬಾವಿಗಳು, ಬೆಣ್ಣೆ ಕಡೆಯುವ ಕ್ರಮ, 1840ರ ದಶಕದ ಮಹಾಕ್ಷಾಮದ ನೆನಪುಗಳು—ಯಾವುದೂ ವರ್ಜ್ಯವಲ್ಲ. ಹೇಳಿದವರ ಹೆಸರು, ವಯಸ್ಸು, ಊರುಗಳನ್ನೂ ಮಕ್ಕಳು ಗುರುತುಹಾಕಿದರು. ಉತ್ತಮವಾದುವು ಶಾಲೆಯ ದೊಡ್ಡ ಪುಸ್ತಕಕ್ಕೆ ಏರಿದುವು. 1939ರ ವೇಳೆಗೆ ಸುಮಾರು 5,000 ಶಾಲೆಗಳಿಂದ, ದೊಡ್ಡ ಪುಸ್ತಕಗಳನ್ನೂ ಮಕ್ಕಳ ಅಭ್ಯಾಸ ಪುಸ್ತಕಗಳನ್ನೂ ಕೂಡಿ, 7,40,000 ಪುಟಗಳಷ್ಟು ಬರೆವಣಿಗೆ ಶೇಖರವಾಯಿತು.

ಸಂಗ್ರಹದಲ್ಲಿ ಕುಂದುಗಳಿಲ್ಲದೆ ಇಲ್ಲ. ಮೊಮ್ಮಕ್ಕಳೆದುರು ಹೇಳಬಾರದೆಂದು ಹಿರಿಯರು ನುಂಗಿಕೊಂಡುದು ಎಷ್ಟೋ. ತಿದ್ದುವ ಉಪಾಧ್ಯಾಯನ ಕೈಯಲ್ಲಿ ನಯವಾಗಿ ಹೋದುದು ಎಷ್ಟೋ! ನಾನೂ ತಿದ್ದುವ ಜಾತಿಯವನಾದ್ದರಿಂದ ಈ ಅನುಮಾನ ನನಗೆ ಬಲವಾಗಿದೆ. ಆದರೂ ಹತ್ತು ವರ್ಷ ತಡವಾಗಿದ್ದರೆ ಕುಂದುಳ್ಳ ಈ ಸಂಗ್ರಹವೂ ದೊರೆಯುತ್ತಿರಲಿಲ್ಲ. ಇನ್ನೊಂದು ಮಾತು ನನ್ನ ಮನಸ್ಸನ್ನು ಕಲಕುತ್ತದೆ. ಈ ಯೋಜನೆ ನಡೆದದ್ದು ಸ್ವತಂತ್ರ ಐರ್ಲೆಂಡಿನ 26 ಪ್ರಾಂತಗಳಲ್ಲಿ. ಡೆಲಾರ್ಗಿಯವರು ಹುಟ್ಟಿದ ಆಂಟ್ರಿಮ್ ಗಡಿಯ ಆಚೆ ಉಳಿದಿತ್ತು. ಅವರ ಬಾಲ್ಯದ ಊರಿನ ಶಾಲೆಯ ಮಕ್ಕಳು ಈ ಬರೆಹದಲ್ಲಿ ಸೇರಲಿಲ್ಲ.

5 ವರ್ಷಕ್ಕೆಂದು ಹುಟ್ಟಿದ ಆಯೋಗ 1971ರವರೆಗೆ ಬಾಳಿ, ಅನಂತರ ಡಬ್ಲಿನ್ನಿನ ವಿಶ್ವವಿದ್ಯಾನಿಲಯದಲ್ಲಿ ಲೀನವಾಯಿತು. ಡೆಲಾರ್ಗಿಯವರು 1980ರಲ್ಲಿ ಕಾಲವಾದರು. 2017ರಲ್ಲಿ ಯುನೆಸ್ಕೊ ಆಯೋಗದ ಸಂಗ್ರಹವನ್ನು ‘ವಿಶ್ವದ ಸ್ಮೃತಿ’ ಪಟ್ಟಿಯಲ್ಲಿ ಸೇರಿಸಿತು.

ಈ ವರ್ಷ ನಾನೂ ನನ್ನ ತರಗತಿಯನ್ನು ನಾಲ್ವರ ಗುಂಪುಗಳಾಗಿ ಮಾಡಿ, ಊರಿಗೆ ಹೋದಾಗ ಮನೆಯ ಹಿರಿಯರಿಂದ ಒಂದೊಂದು ಕಥೆಯನ್ನೋ ಹಾಡನ್ನೋ ಬರೆದು ತರಬೇಕೆಂದೂ, ಪುಟದ ನೆತ್ತಿಯಲ್ಲಿ ಹೇಳಿದವರ ಹೆಸರು ವಯಸ್ಸುಗಳನ್ನು ಕಾಣಿಸಬೇಕೆಂದೂ ವಿಧಿಸಿದೆ. ಒಬ್ಬ ಹುಡುಗ ಸೊಗಸಾದ ಹಾಡೊಂದನ್ನು ತಂದಿದ್ದ. ಹೆಸರಿನ ಜಾಗದಲ್ಲಿ ಅಜ್ಜಿ ಎಂದಷ್ಟೇ ಇತ್ತು. ಕೇಳಿದರೆ ತಲೆ ತಗ್ಗಿಸಿದ. ಮುಂದಿನ ಸೋಮವಾರ ಬಂದು, ನನ್ನ ಕೈಯಿಂದ ಹಾಳೆಯನ್ನು ತೆಗೆದುಕೊಂಡು, ನಿಂತಲ್ಲಿಯೇ ಹೆಸರನ್ನು ಬರೆದು ಕೊಟ್ಟ.